ತಳವಾರನನ್ನು ನೇಮಿಸುವವರು ಯಾರು?

ಮಲಪ್ರಭೆಯ ದಂಡೆಯ ಮೇಲಿರುವ ಆ ಊರಿಗೆ ಸರಕಾರಿ ಕಾಗದಪತ್ರಗಳಲ್ಲಿ ಮುನವಳ್ಳಿ ಎಂಬ ಹೆಸರಿದೆ; ಜನರ ಬಾಯಲ್ಲಿ ಅದು ಮನೋಳಿ. ಸವದತ್ತಿ ತಾಲೂಕಿನ ಈ ಊರಿನ ಚಹಾದಂಗಡಿಯೊಂದರಲ್ಲಿ ಈಚೆಗೆ ನಾವು ಕುಳಿತಿದ್ದಾಗ, ಪತ್ರಿಕೆಯಲ್ಲಿ ಬಂದ ಯಾವುದೋ ಹಗರಣದ ಸುದ್ದಿಯ ಮೇಲೆ ಮಾತು ಹೊರಳಿತು. ಯುವಕನೊಬ್ಬ, "ಈ ಪೊಲೀಸರ ಕಡೆಯಿಂದ ಏನೂ ಆಗೂದಿಲ್ರಿ ಚಾಚಾ. ಸಿಬಿಐಗೆ ಒಪ್ಪಿಸಬೇಕು, ಅಂದ್ರನ ಖರೇ ಹೊರಗ ಬರತೈತಿ" ಎಂದ. ಮೂಲೆಯಲ್ಲಿ ಬಸಿಯಲ್ಲಿ ಚಹಾ ಹೀರುತ್ತಿದ್ದ ಹಿರಿಯರು ತಲೆಯೆತ್ತಿ ಕೇಳಿದರು: "ಒಪ್ಪಸೋಣ ತಮ್ಮಾ. ಆದರ ಆ ಸಿಬಿಐ ಸಾಹೇಬನ್ನ ಆ ಕುರ್ಚಿ ಮ್ಯಾಲ ಕೂಡ್ರಸಾವ್ರು ಯಾರಪಾ?"

ಅಂಗಡಿಯಲ್ಲಿ ಯಾರೂ ಉತ್ತರಿಸಲಿಲ್ಲ. ನಿಜ ಹೇಳಬೇಕೆಂದರೆ, ದೇಶದಲ್ಲಿಯೂ ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಇನ್ನೂ ದೊರೆತಿಲ್ಲ.

ನಮ್ಮ ಸೀಮೆಯಲ್ಲಿ ಹಿಂದೆ ಪ್ರತಿಯೊಂದು ಊರಿಗೂ ತಳವಾರನಿದ್ದ. ರಾತ್ರಿ ಊರು ಕಾಯುವುದು, ಕಳ್ಳರ ಹೆಜ್ಜೆ ಹಿಡಿಯುವುದು, ಅಪರಿಚಿತರ ಮೇಲೆ ಕಣ್ಣಿಡುವುದು ಅವನ ಕೆಲಸ. ಅವನು ಊರಿನ ಕಾವಲುಗಾರನೆಂಬುದು ಹೇಳಿಕೆಯ ಮಾತು. ಅಪ್ಪಣೆ ಮಾತ್ರ ಗೌಡನದು. ಕಳ್ಳತನ ಬಡವನ ಕೇರಿಯಲ್ಲಾದರೆ ತಳವಾರನ ಕೋಲು ಚುರುಕಾಗಿ ಆಡುತ್ತಿತ್ತು. ಗೌಡನ ಮಗನೇ ಕಳ್ಳನಾದರೆ? ತಳವಾರ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನ ಕೂಗು ಗಂಟಲಲ್ಲಿಯೇ ಉಳಿಯುವ ಸಂಭವವೇ ಹೆಚ್ಚು. ಅದನ್ನು ಅವನೊಬ್ಬನ ಹೇಡಿತನವೆಂದು ತಳ್ಳಿಹಾಕಲಾಗದು; ಅವನನ್ನು ಇರಿಸಿದ ವ್ಯವಸ್ಥೆಯ ದೋಷವದು. ಇಂದು ದಿಲ್ಲಿಯಲ್ಲಿರುವ ನಮ್ಮ ದೊಡ್ಡ ತಳವಾರರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ ಎಂಬುದೇ ನಮ್ಮ ಕಳವಳ.

ಕೇಂದ್ರ ತನಿಖಾ ದಳದ ನಿರ್ದೇಶಕ ಯಾರಾದರೆ ಮನೋಳಿಯ ಕುಟುಂಬವೊಂದಕ್ಕೆ ಏನಾಗಬೇಕು ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ನಮ್ಮದೇ ರಾಜ್ಯದ ಕಲಬುರಗಿಯಲ್ಲಿ ಉತ್ತರವಿದೆ. 1993ರ ಡಿಸೆಂಬರ್‌ನಲ್ಲಿ ದೇಶದ ಹಲವು ರೈಲುಗಳಲ್ಲಿ ಸ್ಫೋಟಗಳಾದವು. 1994ರ ಜನವರಿಯಲ್ಲಿ ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಬಂಧಿಸಲಾಯಿತು. ರೈಲು ಸ್ಫೋಟಗಳ ಪ್ರಕರಣವನ್ನು ಸಿಬಿಐ ನಡೆಸಿತು. ಟಾಡಾ ಕಾನೂನಿನಡಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆಗೊಳಿಸಿತು. ಅಷ್ಟರಲ್ಲಿ ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದುಹೋಗಿತ್ತು. ಪರೀಕ್ಷೆ ಬರೆಯಬೇಕಾಗಿದ್ದ ಹುಡುಗ ಮಧ್ಯವಯಸ್ಕನಾಗಿ ಮನೆಗೆ ಮರಳಿದ. ಆ ಇಪ್ಪತ್ತೆರಡು ವರ್ಷಗಳಲ್ಲಿ ಸಿಬಿಐಯ ಕುರ್ಚಿಯಲ್ಲಿ ಎಷ್ಟೋ ನಿರ್ದೇಶಕರು ಕುಳಿತು ಎದ್ದರು. ಆ ಕಡತವನ್ನು ಮತ್ತೊಮ್ಮೆ ತೆರೆದು, ನಾವು ತಪ್ಪಿರಬಹುದೇ ಎಂದು ಕೇಳುವ ಎದೆಗಾರಿಕೆ ಅವರಲ್ಲಿ ಯಾರಿಗೂ ಬರಲಿಲ್ಲ.

ಮಾಲೆಗಾಂವ್‌ನ 2006ರ ಸ್ಫೋಟದ ಪ್ರಕರಣವನ್ನೂ ನೆನೆಯೋಣ. ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳವು ಒಂಬತ್ತು ಮುಸ್ಲಿಮರನ್ನು ಆರೋಪಿಗಳನ್ನಾಗಿ ಮಾಡಿತು. ತನಿಖೆ ಕೈಗೆ ಬಂದ ಬಳಿಕ ಸಿಬಿಐ ಕೂಡ ಅದೇ ಕಥೆಯನ್ನು ಎತ್ತಿಹಿಡಿಯಿತು. ಅದೇ ಪ್ರಕರಣವು ರಾಷ್ಟ್ರೀಯ ತನಿಖಾ ದಳದ ಕೈಸೇರಿದಾಗ ಬೇರೊಂದು ಕಥೆ ಹೊರಬಂತು. 2016ರ ಏಪ್ರಿಲ್‌ನಲ್ಲಿ ಮುಂಬೈಯ ವಿಶೇಷ ನ್ಯಾಯಾಲಯ ಆ ಮುಸ್ಲಿಮ್ ಆರೋಪಿಗಳನ್ನು ಆರೋಪಮುಕ್ತಗೊಳಿಸಿತು. ಒಂದೇ ಘಟನೆ, ಒಂದೇ ಊರು. ತನಿಖೆ ನಡೆಸಿದವರು ಬದಲಾದಂತೆ ಸತ್ಯವೂ ಬದಲಾಯಿತು! ಅಂದಮೇಲೆ ತನಿಖಾ ಸಂಸ್ಥೆಯನ್ನು ಯಾರು ನಡೆಸುತ್ತಾರೆ, ಯಾರ ಋಣದಲ್ಲಿದ್ದು ನಡೆಸುತ್ತಾರೆ ಎಂಬುದು ದಿಲ್ಲಿಯ ದೊಡ್ಡವರಿಗೆ ಮಾತ್ರ ಸೇರಿದ ವಿಷಯ ಹೇಗಾದೀತು?

ಇದು ನಮ್ಮ ಸಮುದಾಯಕ್ಕೆ ಮಾತ್ರ ಅಂಟಿದ ನೋವೂ ಅಲ್ಲ. ಮನೋಳಿಯಿಂದ ದೂರವೇನಲ್ಲದ ಧಾರವಾಡದಲ್ಲಿ 2016ರ ಜೂನ್‌ನಲ್ಲಿ ಜಿಲ್ಲಾ ಪಂಚಾಯತಿ ಸದಸ್ಯರೊಬ್ಬರ ಕೊಲೆಯಾಯಿತು. ಒಂದು ಪಕ್ಷದ ಸರಕಾರವಿದ್ದಾಗ ಸ್ಥಳೀಯ ಪೊಲೀಸರು ತನಿಖೆ ನಡೆಸಿದರು. ಸರಕಾರ ಬದಲಾದಾಗ ಪ್ರಕರಣ ಸಿಬಿಐಗೆ ಹೋಯಿತು. 2020ರ ನವೆಂಬರ್‌ನಲ್ಲಿ ಮಾಜಿ ಸಚಿವರೊಬ್ಬರ ಬಂಧನವಾಯಿತು. ಒಂದು ಕಡೆಯವರು ಪೊಲೀಸರು ಆರೋಪಿಗಳನ್ನು ಮುಚ್ಚಿಟ್ಟರೆಂದರು, ಇನ್ನೊಂದು ಕಡೆಯವರು ಸಿಬಿಐ ರಾಜಕೀಯ ಮಾಡಿತೆಂದರು. ಯಾರ ಮಾತು ಸರಿ ಎಂಬ ತೀರ್ಪು ನಮ್ಮದಲ್ಲ. ಆದರೆ ಒಂದು ಕೊಲೆಯ ತನಿಖೆಯನ್ನು ಜನರು ಪಕ್ಷದ ಬಣ್ಣ ನೋಡಿ ನಂಬುವ ಅಥವಾ ನಂಬದಿರುವ ಸ್ಥಿತಿ ಬಂದಿದೆಯೆಂದರೆ ಆ ಊರಿನ ತಳವಾರನ ಮೇಲಿನ ವಿಶ್ವಾಸ ಸತ್ತಿದೆ ಎಂದೇ ಅರ್ಥ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಸಿಬಿಐ 1963ರ ಏಪ್ರಿಲ್ 1ರಂದು ಕೇಂದ್ರ ಗೃಹ ಸಚಿವಾಲಯದ ಒಂದು ನಿರ್ಣಯದ ಮೂಲಕ ಹುಟ್ಟಿತು. ಅದಕ್ಕೆ ಅಧಿಕಾರ ದೊರೆಯುವುದು ಬ್ರಿಟಿಷರ ಕಾಲದ ಕೊನೆಯಲ್ಲಿ, 1946ರಲ್ಲಿ ಬಂದ ದಿಲ್ಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯಿದೆಯಿಂದ. ದೇಶದ ಅತಿ ದೊಡ್ಡ ತನಿಖಾ ಸಂಸ್ಥೆಗೆ ಇಂದಿಗೂ ತನ್ನದೇ ಆದ ಸ್ವತಂತ್ರ ಕಾನೂನಿಲ್ಲ. 2013ರ ನವೆಂಬರ್‌ನಲ್ಲಿ ಗುವಾಹಟಿ ಹೈಕೋರ್ಟು ಸಿಬಿಐಯ ಸ್ಥಾಪನೆಯನ್ನೇ ಅಸಿಂಧುವೆಂದು ಸಾರಿತು. ಮೂರೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಸರಕಾರಗಳು ನಿಟ್ಟುಸಿರಿಟ್ಟವು, ಹೊಸ ಕಾನೂನನ್ನು ಮಾತ್ರ ತರಲಿಲ್ಲ.

ಮೊದಲ ಮೂರು ದಶಕಗಳ ಕಾಲ ಸಿಬಿಐ ಮುಖ್ಯಸ್ಥನ ನೇಮಕವು ಸರಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಜೈನ್ ಹವಾಲಾ ಪ್ರಕರಣದಲ್ಲಿ ಎಲ್ಲ ಪಕ್ಷಗಳ ದೊಡ್ಡವರ ಹೆಸರುಗಳು ಕೇಳಿಬಂದಾಗ ಸಿಬಿಐ ಕೈಕಟ್ಟಿ ಕುಳಿತಿತು. ವಿನೀತ್ ನಾರಾಯಣ್ ಎಂಬ ಪತ್ರಕರ್ತರು ನ್ಯಾಯಾಲಯದ ಬಾಗಿಲು ತಟ್ಟಿದರು. 1997ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷಗಳ ಅವಧಿಯನ್ನು ಖಚಿತಪಡಿಸಿತು. ಆಯ್ಕೆಗೆ ಒಂದು ಸಮಿತಿ ಬೇಕೆಂದಿತು. 2003ರ ಕಾನೂನು ಕೇಂದ್ರ ಜಾಗೃತ ಆಯುಕ್ತರು ಹಾಗೂ ಹಿರಿಯ ಕಾರ್ಯದರ್ಶಿಗಳ ಸಮಿತಿಯನ್ನು ರಚಿಸಿತು. ಅಣ್ಣಾ ಹಜಾರೆಯವರ ಚಳವಳಿಯ ನಂತರ ಬಂದ 2013ರ ಲೋಕಪಾಲ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರಧಾನಮಂತ್ರಿ, ಲೋಕಸಭೆಯ ವಿರೋಧ ಪಕ್ಷದ ನಾಯಕ, ಭಾರತದ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದ ಸುಪ್ರೀಂ ಕೋರ್ಟ್ ನ್ಯಾಯಾಧೀಶ, ಹೀಗೆ ಮೂವರ ಸಮಿತಿಯ ಕೈಗೆ ಆಯ್ಕೆ ಬಂದಿತು. ಸಮಿತಿಯ ಒಪ್ಪಿಗೆಯಿಲ್ಲದೆ ನಿರ್ದೇಶಕರನ್ನು ವರ್ಗಾಯಿಸಬಾರದೆಂಬ ನಿಯಮವೂ ಇದೆ.

ಕಾಗದದ ಮೇಲೆ ಇದು ಸುಂದರವಾದ ವ್ಯವಸ್ಥೆ. ಆಚರಣೆಯಲ್ಲಿ ಏನಾಯಿತು?

2016ರ ಡಿಸೆಂಬರ್ ಆರಂಭದಲ್ಲಿ ಆಗಿನ ನಿರ್ದೇಶಕ ಅನಿಲ್ ಸಿನ್ಹಾ ನಿವೃತ್ತರಾಗಲಿದ್ದರು. ಅವರ ನಂತರದ ಸ್ಥಾನದಲ್ಲಿದ್ದವರು ಕರ್ನಾಟಕ ಶ್ರೇಣಿಯ ಹಿರಿಯ ಅಧಿಕಾರಿ ಆರ್.ಕೆ. ದತ್ತಾ. ನಿವೃತ್ತಿಗೆ ಕೆಲವೇ ದಿನಗಳಿರುವಾಗ ಅವರನ್ನು ಹಠಾತ್ತಾಗಿ ಗೃಹ ಸಚಿವಾಲಯಕ್ಕೆ ಕಳುಹಿಸಲಾಯಿತು. ಆಯ್ಕೆ ಸಮಿತಿಯನ್ನು ಸಕಾಲದಲ್ಲಿ ಕರೆಯದೆ, ಗುಜರಾತ್ ಶ್ರೇಣಿಯ ರಾಕೇಶ್ ಅಸ್ತಾನಾ ಅವರಿಗೆ ಪ್ರಭಾರ ವಹಿಸಲಾಯಿತು. ದತ್ತಾ ಅವರು ಮರಳಿ ಬಂದು 2017ರಲ್ಲಿ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿ ಅದೇ ವರ್ಷ ನಿವೃತ್ತರಾದರು. ಇಲ್ಲಿ ನಾವು ಅಧಿಕಾರಿಗಳ ಯೋಗ್ಯತೆಯನ್ನು ತೂಗುತ್ತಿಲ್ಲ. ಸಮಿತಿ ಸೇರುವ ಮೊದಲೇ ಒಬ್ಬರನ್ನು ಅಂಗಳದಿಂದ ಹೊರಗೆ ಕಳುಹಿಸಿ ಇನ್ನೊಬ್ಬರನ್ನು ಪಡಸಾಲೆಯಲ್ಲಿ ಕೂರಿಸಿದರೆ ಸಮಿತಿಗೆ ಉಳಿಯುವ ಕೆಲಸವೇನು ಎಂಬುದು ನಮ್ಮ ಪ್ರಶ್ನೆ.

ಕೊನೆಗೆ 2017ರಲ್ಲಿ ಸಮಿತಿಯ ಮೂಲಕವೇ ಅಲೋಕ್ ವರ್ಮಾ ನಿರ್ದೇಶಕರಾದರು. 2018ರ ಅಕ್ಟೋಬರ್ 23ರ ನಡುರಾತ್ರಿ ಅವರ ಅಧಿಕಾರವನ್ನು ಕಿತ್ತುಕೊಳ್ಳಲಾಯಿತು. ಸಮಿತಿಯನ್ನು ಕೇಳದೆ ಹೀಗೆ ಮಾಡುವಂತಿಲ್ಲವೆಂದು 2019ರ ಜನವರಿ 8ರಂದು ಸುಪ್ರೀಂ ಕೋರ್ಟ್ ಅವರನ್ನು ಮರಳಿ ಕೂರಿಸಿತು. ಎರಡೇ ದಿನಗಳಲ್ಲಿ ಸಮಿತಿ ಸೇರಿ ಎರಡು-ಒಂದರ ಬಹುಮತದಿಂದ ಅವರನ್ನು ಹೊರಕಳುಹಿಸಿತು. ಪ್ರಧಾನಿ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಒಂದು ಕಡೆ. ನಮ್ಮ ಕಲಬುರಗಿಯ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆ ಇನ್ನೊಂದು ಕಡೆ. ಖರ್ಗೆಯವರ ಭಿನ್ನಮತದಿಂದ ಫಲಿತಾಂಶವೇನೂ ಬದಲಾಗಲಿಲ್ಲ. ಆದರೆ ಆ ಕುರ್ಚಿ ಎಷ್ಟು ಅಭದ್ರವಾದುದು ಎಂಬುದನ್ನು ಮುಂದೆ ಬರುವ ಪ್ರತಿಯೊಬ್ಬ ಅಧಿಕಾರಿಯೂ ಆ ರಾತ್ರಿ ಕಲಿತುಕೊಂಡ.

ನಿಯಮಕ್ಕೆ ಬೆಲೆಯೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. 2021ರ ಮೇ ತಿಂಗಳಲ್ಲಿ ಸಮಿತಿ ಸೇರಿದಾಗ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು, ನಿವೃತ್ತಿಗೆ ಆರು ತಿಂಗಳಿಗಿಂತ ಕಡಿಮೆ ಅವಧಿ ಉಳಿದವರನ್ನು ಪರಿಗಣಿಸಬಾರದೆಂಬ ನ್ಯಾಯಾಲಯದ ಆದೇಶವನ್ನು ನೆನಪಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು. ಅದರಿಂದ ಸರಕಾರಕ್ಕೆ ಪ್ರಿಯರೆನಿಸಿದ್ದ ಹೆಸರುಗಳು ಪಟ್ಟಿಯಿಂದ ಬಿದ್ದುಹೋದವು. ಸುಬೋಧ್ ಕುಮಾರ್ ಜೈಸ್ವಾಲ್ ಆಯ್ಕೆಯಾದರು. ಸಮಿತಿಯಲ್ಲಿ ಒಬ್ಬರು ನಿಯಮವನ್ನು ಓದಿಕೊಂಡು ಬಂದರೂ ಸಾಕು, ಅಷ್ಟರ ಮಟ್ಟಿಗೆ ವ್ಯತ್ಯಾಸವಾಗುತ್ತದೆ. ಅದೇ ಸಭೆಯ ಬಗ್ಗೆ ವಿರೋಧ ಪಕ್ಷದ ಅಧೀರ್ ರಂಜನ್ ಚೌಧರಿ ದೂರಿದ್ದು ಮಾತ್ರ ಬೇರೆ: ತಮಗೆ ಮೊದಲು 109 ಹೆಸರುಗಳನ್ನು ಕೊಡಲಾಯಿತು, ಸಭೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವು ಹತ್ತಾದವು, ಸಂಜೆಯ ಹೊತ್ತಿಗೆ ಆರಾದವು ಎಂದು. 109 ಆರಾಗುವ ನಡುವೆ ಜರಡಿ ಹಿಡಿದ ಕೈ ಯಾರದು? ನಿಜವಾದ ಆಯ್ಕೆ ನಡೆದದ್ದು ಸಮಿತಿಯ ಮೇಜಿನ ಮೇಲೋ, ಗುಮಾಸ್ತರ ಕೊಠಡಿಯಲ್ಲೋ?

ಅದೇ ವರ್ಷದ ನವೆಂಬರ್‌ನಲ್ಲಿ ಸರಕಾರ ಸುಗ್ರೀವಾಜ್ಞೆಗಳನ್ನು ತಂದಿತು. ಸಿಬಿಐ ಹಾಗೂ ಜಾರಿ ನಿರ್ದೇಶನಾಲಯದ ಮುಖ್ಯಸ್ಥರ ಅವಧಿಯನ್ನು ಎರಡು ವರ್ಷಗಳ ಬಳಿಕ ಒಂದೊಂದೇ ವರ್ಷದಂತೆ ಒಟ್ಟು ಐದು ವರ್ಷಗಳವರೆಗೆ ವಿಸ್ತರಿಸಬಹುದೆಂಬುದೇ ಅವುಗಳ ತಿರುಳು. ಮುಂದೆ ಅವು ಕಾನೂನಾದವು. ನಮ್ಮ ದೃಷ್ಟಿಯಲ್ಲಿ ಇಡೀ ರೋಗದ ಬೇರು ಇಲ್ಲಿಯೇ ಇದೆ. ಐದು ವರ್ಷಗಳ ಅವಧಿಯನ್ನು ಒಮ್ಮೆಗೇ ಕೊಟ್ಟರೆ ಅಧಿಕಾರಿ ಸ್ವತಂತ್ರನಾಗುತ್ತಾನೆ. ಅದನ್ನೇ ವರ್ಷಕ್ಕೊಂದು ತುಣುಕಿನಂತೆ ಕೊಟ್ಟರೆ ಪ್ರತಿ ವರ್ಷವೂ ಅವನು ಕೊಡುವ ಕೈಯನ್ನು ನೋಡುತ್ತಿರಬೇಕಾಗುತ್ತದೆ. ವರ್ಷವರ್ಷವೂ ಲಾವಣಿ ಹೊಲದ ಒಪ್ಪಂದ ನವೀಕರಿಸಿಕೊಳ್ಳುವ ರೈತ ಹೊಲದ ಒಡೆಯನೊಡನೆ ಹೇಗೆ ಮಾತಾಡುತ್ತಾನೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

ಜಾರಿ ನಿರ್ದೇಶನಾಲಯದ ಸಂಜಯ್ ಕುಮಾರ್ ಮಿಶ್ರಾ ಅವರ ಕಥೆ ಇದಕ್ಕೆ ನಿದರ್ಶನ. 2018ರ ನವೆಂಬರ್‌ನಲ್ಲಿ ಎರಡು ವರ್ಷಗಳಿಗೆಂದು ನೇಮಕಗೊಂಡ ಅವರಿಗೆ ವಿಸ್ತರಣೆಯ ಮೇಲೆ ವಿಸ್ತರಣೆ ದೊರೆಯಿತು. 2021 ಮತ್ತು 2022ರ ವಿಸ್ತರಣೆಗಳು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2023ರ ಜುಲೈ 11ರಂದು ತೀರ್ಪಿತ್ತಿತು. ಆದರೂ ಸರಕಾರದ ಕೋರಿಕೆಯ ಮೇರೆಗೆ ಅವರು 2023ರ ಸೆಪ್ಟೆಂಬರ್ 15ರವರೆಗೆ ಮುಂದುವರಿದರು. ವಿಸ್ತರಣೆಗೆ ದಾರಿ ಮಾಡುವ ಕಾನೂನನ್ನು ಮಾತ್ರ ನ್ಯಾಯಾಲಯ ಎತ್ತಿಹಿಡಿಯಿತು. ಹೀಗಾಗಿ ಒಬ್ಬ ಅಧಿಕಾರಿ ಹೋದರೂ ಬಾಗಿಲು ತೆರೆದೇ ಉಳಿಯಿತು.

2023ರ ಮೇ ತಿಂಗಳಲ್ಲಿ ಕರ್ನಾಟಕದ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರವೀಣ್ ಸೂದ್ ಅವರನ್ನು ಸಿಬಿಐ ನಿರ್ದೇಶಕರನ್ನಾಗಿ ಆರಿಸಲಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಅವರು ಸೂದ್ ಆಗಿನ ರಾಜ್ಯ ಸರಕಾರದ ಪರ ನಡೆದುಕೊಳ್ಳುತ್ತಿದ್ದಾರೆಂದು ಕಟುವಾಗಿ ಟೀಕಿಸಿದ್ದರು. ಆಯ್ಕೆಯ ಸಭೆಯಲ್ಲಿ ಅಧೀರ್ ರಂಜನ್ ಭಿನ್ನಮತ ದಾಖಲಿಸಿದರು. ಎರಡು ವರ್ಷಗಳ ಅವಧಿ ಮುಗಿಯುವಾಗ, 2025ರ ಮೇ ತಿಂಗಳಲ್ಲಿ, ಸೂದ್ ಅವರಿಗೆ ಒಂದು ವರ್ಷದ ವಿಸ್ತರಣೆಯಾಯಿತು. ಶಿವಕುಮಾರ್ ಅವರ ಆಪಾದನೆಯನ್ನು ನಾವು ಸಮರ್ಥಿಸುತ್ತಲೂ ಇಲ್ಲ, ಅಲ್ಲಗಳೆಯುತ್ತಲೂ ಇಲ್ಲ. ಸೂದ್ ಅವರು ಅತ್ಯಂತ ನಿಷ್ಪಕ್ಷಪಾತ ಅಧಿಕಾರಿಯೇ ಆಗಿರಬಹುದು. ಆದರೆ ಅವರನ್ನು ಯಾವ ಗುಣಕ್ಕಾಗಿ ಆರಿಸಲಾಯಿತು, ಭಿನ್ನಮತದಲ್ಲಿ ಏನಿತ್ತು, ಅದಕ್ಕೆ ಉತ್ತರವೇನು ಎಂಬ ವಿವರಗಳನ್ನು ಅಧಿಕೃತವಾಗಿ ಜನರ ಮುಂದಿಡದ ವ್ಯವಸ್ಥೆಯು ಒಳ್ಳೆಯ ಅಧಿಕಾರಿಗೂ ಅನ್ಯಾಯವನ್ನೇ ಮಾಡುತ್ತದೆ. ಅವರ ಪ್ರಾಮಾಣಿಕತೆಯ ಮೇಲೂ ಅನುಮಾನದ ನೆರಳು ಬೀಳುತ್ತದೆ.

ಸಿಬಿಐಗೆ ಹೀಗೆ ಹೆಸರಿಗಾದರೂ ಮೂವರ ಸಮಿತಿಯಿದೆ. ಉಳಿದ ಸಂಸ್ಥೆಗಳಿಗೆ ಅದೂ ಇಲ್ಲ. ಜಾರಿ ನಿರ್ದೇಶಕರ ಹೆಸರನ್ನು ಶಿಫಾರಸು ಮಾಡುವ ಸಮಿತಿಯಲ್ಲಿರುವವರು ಜಾಗೃತ ಆಯುಕ್ತರು ಹಾಗೂ ಸರಕಾರದ ಕಾರ್ಯದರ್ಶಿಗಳು. ವಿರೋಧ ಪಕ್ಷಕ್ಕಾಗಲಿ ನ್ಯಾಯಾಂಗಕ್ಕಾಗಲಿ ಅಲ್ಲಿ ಸ್ಥಾನವಿಲ್ಲ. ಮುಂಬೈ ದಾಳಿಯ ನಂತರ 2008ರ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ತನಿಖಾ ದಳದ ಮಹಾನಿರ್ದೇಶಕರನ್ನಂತೂ ಕೇಂದ್ರ ಸರಕಾರವೇ ನೇಮಿಸುತ್ತದೆಂದು ಕಾನೂನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಜಾಮೀನು ಅತ್ಯಂತ ದುರ್ಲಭವಾದ ಕಾನೂನುಗಳನ್ನು ಕೈಯಲ್ಲಿ ಹಿಡಿದಿರುವ, ನಮ್ಮ ಯುವಕರ ಮನೆಯ ಬಾಗಿಲನ್ನು ನಸುಕಿನಲ್ಲಿ ತಟ್ಟಬಲ್ಲ ಸಂಸ್ಥೆಯ ಮುಖ್ಯಸ್ಥನ ಆಯ್ಕೆಗೆ ಅತಿ ಕಡಿಮೆ ಕಾವಲು! ಅಧಿಕಾರ ಹೆಚ್ಚಿದಷ್ಟೂ ಆಯ್ಕೆಯ ಎಚ್ಚರ ಹೆಚ್ಚಬೇಕೆಂಬ ಸಾಮಾನ್ಯ ವಿವೇಕವು ಇಲ್ಲಿ ತಲೆಕೆಳಗಾಗಿದೆ.

ಕೇಂದ್ರವನ್ನು ದೂರಿ ರಾಜ್ಯಗಳನ್ನು ಬಿಟ್ಟರೆ ನಮ್ಮ ಮಾತು ಅರ್ಧಸತ್ಯವಾದೀತು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್, ರಾಜ್ಯದ ಪೊಲೀಸ್ ಮುಖ್ಯಸ್ಥನನ್ನು ಲೋಕಸೇವಾ ಆಯೋಗವು ಸಿದ್ಧಪಡಿಸಿದ ಮೂವರು ಹಿರಿಯರ ಪಟ್ಟಿಯಿಂದಲೇ ಆರಿಸಬೇಕು, ಕನಿಷ್ಠ ಎರಡು ವರ್ಷ ಇರಿಸಬೇಕು ಎಂದಿತು. ನಮ್ಮ ರಾಜ್ಯದಲ್ಲಿ 2011ರ ನವೆಂಬರ್‌ನಲ್ಲಿ ಶಂಕರ ಬಿದರಿ ಅವರನ್ನು ಆ ಹುದ್ದೆಗೆ ನೇಮಿಸಲಾಯಿತು. ಹಿರಿಯ ಅಧಿಕಾರಿ ಎ.ಆರ್. ಇನ್‌ಫಂಟ್ ಅದನ್ನು ಪ್ರಶ್ನಿಸಿದರು. ವೀರಪ್ಪನ್ ಕಾರ್ಯಾಚರಣೆಯ ಕಾಲದ ದೌರ್ಜನ್ಯಗಳ ಬಗೆಗಿನ ದೂರುಗಳ ಮಾಹಿತಿಯನ್ನು ಆಯೋಗದ ಮುಂದೆ ಇಡಲಿಲ್ಲವೆಂಬುದು ವಾದದ ಮುಖ್ಯ ಅಂಶಗಳಲ್ಲೊಂದಾಗಿತ್ತು. 2012ರ ಮಾರ್ಚ್‌ನಲ್ಲಿ ಆಡಳಿತ ನ್ಯಾಯಮಂಡಳಿಯೂ ಹೈಕೋರ್ಟೂ ಆ ನೇಮಕವನ್ನು ರದ್ದುಪಡಿಸಿದವು. ಆ ದೂರುಗಳು ನಿಜವೋ ಸುಳ್ಳೋ ಎಂಬುದು ಬೇರೆ ಮಾತು. ಆರಿಸುವವರ ಕೈಗೆ ಪೂರ್ತಿ ಕಡತ ತಲುಪದಿದ್ದರೆ ಆಯ್ಕೆ ಎಂಬುದೇ ನಾಟಕವಾಗುತ್ತದೆ ಎಂಬ ಪಾಠ ಮಾತ್ರ ನಮಗೆ ಮುಖ್ಯ.

ಪ್ರಭಾರಿ ಮುಖ್ಯಸ್ಥರನ್ನು ನೇಮಿಸಕೂಡದೆಂದು ಸುಪ್ರೀಂ ಕೋರ್ಟ್ 2018ರ ಜುಲೈ 3ರಂದು ಸ್ಪಷ್ಟವಾಗಿ ಆದೇಶಿಸಿತು. ಹಾಗಿದ್ದರೂ 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ ಎಂ.ಎ. ಸಲೀಂ ಅವರಿಗೆ ಮೊದಲು ಪ್ರಭಾರವನ್ನಷ್ಟೇ ವಹಿಸಿತು. ಆ ಸುದ್ದಿ ಬಂದಾಗ ನಮ್ಮಲ್ಲಿ ಅನೇಕರು ಹರ್ಷಪಟ್ಟರು. ಮೊಬೈಲುಗಳಲ್ಲಿ ಅಭಿನಂದನೆಗಳು ಹರಿದಾಡಿದವು. ಸಮುದಾಯದ ಅಧಿಕಾರಿಯೊಬ್ಬರು ಎತ್ತರಕ್ಕೇರಿದಾಗ ಸಂತೋಷವಾಗುವುದು ಸಹಜ. ನಮ್ಮ ಮಕ್ಕಳಿಗೆ ಅದು ಪ್ರೇರಣೆಯೂ ಹೌದು. ಆದರೆ ಅವರಿಗೆ ಕೊಟ್ಟದ್ದು ಪೂರ್ಣ ಹುದ್ದೆಯೋ, ಯಾವಾಗ ಬೇಕಾದರೂ ಎಳೆದುಕೊಳ್ಳಬಹುದಾದ ಚಾಪೆಯೋ ಎಂದು ಎಷ್ಟು ಮಂದಿ ಕೇಳಿದೆವು? ಅಧಿಕಾರಿ ನಮ್ಮವನೆಂಬುದರಿಂದ ನಮಗೆ ನ್ಯಾಯ ಸಿಗುವುದಿಲ್ಲ. ಯಾರವನೂ ಆಗಬೇಕಾದ ಅಗತ್ಯ ಅವನಿಗೆ ಇಲ್ಲದಿದ್ದಾಗ ನಮಗೂ ನೆರೆಯವರಿಗೂ ನ್ಯಾಯ ಸಿಗುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಜನರು ಆರಿಸಿದ ಸರಕಾರಕ್ಕೆ ತನ್ನ ಅಧಿಕಾರಿಗಳನ್ನು ಆರಿಸುವ ಹಕ್ಕು ಬೇಡವೇ? ಆಗಿನ ಉಪರಾಷ್ಟ್ರಪತಿ ಜಗದೀಪ್ ಧನ್ಕರ್ ಅವರು 2025ರ ಫೆಬ್ರವರಿಯಲ್ಲಿ ಭೋಪಾಲದಲ್ಲಿ ಮಾತಾಡುತ್ತಾ, ಸಿಬಿಐ ನಿರ್ದೇಶಕರ ಆಯ್ಕೆಯಲ್ಲಿ ಮುಖ್ಯ ನ್ಯಾಯಮೂರ್ತಿಗೇನು ಕೆಲಸ ಎಂದು ಪ್ರಶ್ನಿಸಿದ್ದರು. ಇದನ್ನು ಸುಲಭವಾಗಿ ತಳ್ಳಿಹಾಕಬಾರದು. ಯಾರಿಗೂ ಉತ್ತರಿಸಬೇಕಾಗಿಲ್ಲದ ಪೊಲೀಸ್ ವ್ಯವಸ್ಥೆಯು ಸರಕಾರದ ಕೈಗೊಂಬೆಯಾದ ಪೊಲೀಸ್ ವ್ಯವಸ್ಥೆಯಷ್ಟೇ ಅಪಾಯಕಾರಿ. ಅಮೆರಿಕದ ಎಫ್‌ಬಿಐಯನ್ನು ಜೆ. ಎಡ್ಗರ್ ಹೂವರ್ ಎಂಬಾತ 1924ರಿಂದ 1972ರಲ್ಲಿ ಸಾಯುವವರೆಗೂ ಆಳಿದ. ರಾಜಕಾರಣಿಗಳೇ ಅವನಿಗೆ ಹೆದರುತ್ತಿದ್ದರು. ಆ ಅನುಭವದ ನಂತರ ಆ ದೇಶ ಹತ್ತು ವರ್ಷಗಳ ಒಂದೇ ಅವಧಿಯನ್ನು ನಿಗದಿಪಡಿಸಿತು. ಅಧ್ಯಕ್ಷರು ಸೂಚಿಸಿದ ವ್ಯಕ್ತಿಯನ್ನು ಸೆನೆಟ್ ಬಹಿರಂಗವಾಗಿ ಪ್ರಶ್ನಿಸಿ ಒಪ್ಪಬೇಕು. ಅಲ್ಲಿಯೂ ಎಲ್ಲವೂ ಸರಿಯಿಲ್ಲ. 2017ರಲ್ಲಿ ಜೇಮ್ಸ್ ಕೋಮಿಯವರನ್ನು ಅವಧಿಯ ನಡುವೆಯೇ ವಜಾ ಮಾಡಲಾಯಿತು. 2025ರ ಫೆಬ್ರವರಿಯಲ್ಲಿ ಕಾಶ್ ಪಟೇಲ್ ಅವರ ನೇಮಕ 51-49 ಮತಗಳಿಂದ ಅಂಗೀಕಾರವಾಯಿತು. ಆದರೂ ಯಾರು ಏನು ಕೇಳಿದರು, ಅಭ್ಯರ್ಥಿ ಏನು ಉತ್ತರಿಸಿದ, ಯಾರು ಪರ, ಯಾರು ವಿರೋಧ ಎಂಬುದು ಅಲ್ಲಿನ ಪ್ರಜೆಗೆ ತಿಳಿಯುತ್ತದೆ. ನಮ್ಮಲ್ಲಿ ಅಷ್ಟೂ ತಿಳಿಯದು.

ಆದ್ದರಿಂದ ಸರಕಾರದ ಹಕ್ಕನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಸರಕಾರವೊಂದೇ ಆರಿಸಬಾರದು, ಕತ್ತಲಲ್ಲಿ ಆರಿಸಬಾರದು ಎಂಬುದಷ್ಟೇ ನಮ್ಮ ಮಾತು. ಬೇಕಾದುದು ನಾಲ್ಕು ಸುಧಾರಣೆಗಳು.

ಒಂದು, ಸಿಬಿಐ, ಜಾರಿ ನಿರ್ದೇಶನಾಲಯ, ರಾಷ್ಟ್ರೀಯ ತನಿಖಾ ದಳ, ಈ ಮೂರಕ್ಕೂ ಒಂದೇ ಬಗೆಯ ಸಮಿತಿಯಿರಲಿ. ಅದರಲ್ಲಿ ಸರಕಾರದ ಧ್ವನಿಯೇ ಬಹುಮತವಾಗದಿರಲಿ. ಚುನಾವಣಾ ಆಯುಕ್ತರ ಆಯ್ಕೆಗೆ ಮುಖ್ಯ ನ್ಯಾಯಮೂರ್ತಿಯಿರುವ ಸಮಿತಿ ಬೇಕೆಂದು 2023ರ ಮಾರ್ಚ್‌ನಲ್ಲಿ ಸಂವಿಧಾನ ಪೀಠ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಕಾನೂನು ನ್ಯಾಯಮೂರ್ತಿಯ ಜಾಗದಲ್ಲಿ ಕೇಂದ್ರ ಸಚಿವರನ್ನು ಕೂರಿಸಿತು. ಸಮಿತಿಯ ಹೆಸರು ಉಳಿದು ಜೀವ ಹೋಗುವುದು ಹೀಗೆಯೇ.

ಎರಡು, ಪರಿಗಣನೆಯ ಮಾನದಂಡಗಳನ್ನು ಮೊದಲೇ ಪ್ರಕಟಿಸಬೇಕು. ಅಭ್ಯರ್ಥಿಗಳ ಪೂರ್ತಿ ಕಡತಗಳು ಸದಸ್ಯರಿಗೆ ಸಾಕಷ್ಟು ದಿನ ಮುಂಚಿತವಾಗಿ ತಲುಪಬೇಕು. ಆಯ್ಕೆಯ ಕಾರಣವನ್ನೂ ಭಿನ್ನಮತವನ್ನೂ ಸಂಸತ್ತಿನ ಮುಂದಿಡಬೇಕು. 2011ರಿಂದ ಸಿಬಿಐಗೆ ಮಾಹಿತಿ ಹಕ್ಕು ಕಾಯಿದೆಯಿಂದ ಬಹುಮಟ್ಟಿಗೆ ವಿನಾಯಿತಿ ದೊರೆತಿದೆ. ತನಿಖೆಯ ಗುಟ್ಟು ಗುಟ್ಟಾಗಿರಲಿ, ನೇಮಕಕ್ಕೇಕೆ ಗುಟ್ಟು?

ಮೂರು, ಒಂದೇ ನಿಶ್ಚಿತ ಅವಧಿಯಿರಲಿ. ವಿಸ್ತರಣೆ, ಪ್ರಭಾರ ಎಂಬ ಶಬ್ದಗಳು ಈ ಹುದ್ದೆಗಳ ಹತ್ತಿರ ಸುಳಿಯದಿರಲಿ.

ನಾಲ್ಕು, ನಿವೃತ್ತಿಯ ನಂತರ ಕೆಲವು ವರ್ಷ ಯಾವ ಸರಕಾರಿ ಪದವಿಯೂ ಬೇಡ. ಸಿಬಿಐ ನಿರ್ದೇಶಕರಾಗಿ 2010ರಲ್ಲಿ ನಿವೃತ್ತರಾದ ಅಶ್ವನಿ ಕುಮಾರ್ ಅವರನ್ನು 2013ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರನ್ನಾಗಿ ಮಾಡಲಾಯಿತು. ಅವರು ಯಾವ ತಪ್ಪನ್ನೂ ಮಾಡದಿರಬಹುದು. ಆದರೆ ಮುಂದೆ ಅರಮನೆಯ ಆಸೆಯಿರುವ ಕಾವಲುಗಾರ ಅರಮನೆಯ ಕಳ್ಳತನವನ್ನು ಹೇಗೆ ಹಿಡಿದಾನು ಎಂದು ಜನರು ಕೇಳುವುದನ್ನು ತಡೆಯಲಾಗದು.

ಗಮನಿಸಿ, ಆ ನೇಮಕವಾದದ್ದು ಕಾಂಗ್ರೆಸ್ ನೇತೃತ್ವದ ಸರಕಾರವಿದ್ದಾಗ. ಸುಪ್ರೀಂ ಕೋರ್ಟ್ ಸಿಬಿಐಯನ್ನು ಪಂಜರದ ಗಿಳಿಯೆಂದು ಕರೆದ 2013ರಲ್ಲಿಯೂ ಅದೇ ಸರಕಾರವಿತ್ತು. ಕಲ್ಲಿದ್ದಲು ಹಗರಣದ ತನಿಖಾ ವರದಿಯ ಕರಡನ್ನು ಕಾನೂನು ಸಚಿವರಿಗೆ ತೋರಿಸಲಾಗಿತ್ತು. ಪಂಜರವನ್ನು ಕಟ್ಟಿದವರು ಒಬ್ಬರು, ಅದನ್ನು ಬಲಪಡಿಸಿದವರು ಇನ್ನೊಬ್ಬರು. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ಗಿಳಿಯ ಬಿಡುಗಡೆಯ ಬಗ್ಗೆ ಮಾತಾಡುತ್ತಾರೆ. ಅಧಿಕಾರಕ್ಕೆ ಬಂದ ಮೇಲೆ ಪಂಜರದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರವು ಸಿಬಿಐಗೆ ನೀಡಿದ್ದ ಸಾಮಾನ್ಯ ಸಮ್ಮತಿಯನ್ನು ಹಿಂತೆಗೆದುಕೊಂಡಿತು. ಅದಕ್ಕೆ ಕಾರಣಗಳಿರಬಹುದು. ಆದರೆ ಬಾಗಿಲು ಮುಚ್ಚುವುದರಿಂದ ತಳವಾರ ನಿಷ್ಪಕ್ಷಪಾತಿಯಾಗುವುದಿಲ್ಲ. ತನಿಖೆಯಾಗಬೇಕಾದ ನಿಜವಾದ ಕಳ್ಳನಿಗೂ ಅದೇ ಬಾಗಿಲು ಆಸರೆಯಾಗಬಲ್ಲದು.

ಕೊನೆಯದಾಗಿ ಒಂದು ಮಾತನ್ನು ನಾವು ನಮಗೇ ಹೇಳಿಕೊಳ್ಳಬೇಕಾಗಿದೆ. ತನಿಖಾ ಸಂಸ್ಥೆ ನಮ್ಮ ಮನೆಗೆ ಬಂದಾಗ ಅನ್ಯಾಯವೆನ್ನುತ್ತೇವೆ. ನಮಗಾಗದವರ ಮನೆಗೆ ಹೋದಾಗ ಚಪ್ಪಾಳೆ ತಟ್ಟುತ್ತೇವೆ. ಈ ದ್ವಂದ್ವವಿರುವವರೆಗೆ ಯಾವ ಸರಕಾರವೂ ನಮ್ಮ ಬೇಡಿಕೆಯನ್ನು ಗಂಭೀರವಾಗಿ ಪರಿಗಣಿಸದು. ನಮ್ಮ ಸಂಘ-ಸಂಸ್ಥೆಗಳು ಸಂಸದರಿಗೆ ಮನವಿ ಕೊಡುವಾಗ ಸ್ಮಶಾನದ ಕಾಂಪೌಂಡು, ಶಾದಿ ಮಹಲಿನ ಅನುದಾನ ಎಂಬಲ್ಲಿಗೆ ನಿಲ್ಲುತ್ತವೆ. ಅವೂ ಬೇಕು. ಆದರೆ ರಾಷ್ಟ್ರೀಯ ತನಿಖಾ ದಳದ ಮುಖ್ಯಸ್ಥರ ಆಯ್ಕೆಗೆ ಸಮಿತಿಯೇಕಿಲ್ಲ ಎಂಬ ಒಂದು ಸಾಲನ್ನೂ ಅದೇ ಮನವಿಯಲ್ಲಿ ಬರೆಯಲು ಯಾವ ಖರ್ಚೂ ಇಲ್ಲ. ಮತ ಕೇಳಲು ಬಂದ ಯಾವ ಪಕ್ಷದವರಿಗಾದರೂ ಈ ಪ್ರಶ್ನೆಯನ್ನು ಹಾಕಬಹುದು. ಲಿಂಗಾಯತ ರೈತನೂ, ದಲಿತ ಯುವಕನೂ, ಮುಸ್ಲಿಮ್ ವ್ಯಾಪಾರಿಯೂ ಒಟ್ಟಾಗಿ ಕೇಳಬಹುದಾದ ಪ್ರಶ್ನೆಯಿದು; ಯಾಕೆಂದರೆ ಪಕ್ಷಪಾತಿ ತಳವಾರನಿಂದ ಇಂದು ಒಬ್ಬನಿಗೆ ಪೆಟ್ಟು ಬಿದ್ದರೆ ನಾಳೆ ಇನ್ನೊಬ್ಬನಿಗೆ ಬೀಳುತ್ತದೆ.

ಕಲಬುರಗಿಯ ಆ ವಿದ್ಯಾರ್ಥಿಗೆ ಕಳೆದುಹೋದ ಇಪ್ಪತ್ತೆರಡು ವರ್ಷಗಳನ್ನು ಯಾವ ಸಮಿತಿಯೂ ಮರಳಿ ಕೊಡಲಾರದು. ಆದರೆ ತಪ್ಪಾಗಿರಬಹುದೆಂದು ಅನಿಸಿದ ಕಡತವನ್ನು ಯಾರ ಭಯವೂ ಇಲ್ಲದೆ ಮತ್ತೆ ತೆರೆಯಬಲ್ಲ ಒಬ್ಬ ಅಧಿಕಾರಿ ಆ ಕುರ್ಚಿಯಲ್ಲಿದ್ದರೆ ಮುಂದಿನ ಹುಡುಗನಿಗೆ ಆ ಗತಿ ಬಾರದಿರಬಹುದು. ಪ್ರಕರಣವನ್ನು ಸಿಬಿಐಗೆ ಒಪ್ಪಿಸಿ ಎಂದು ಕೂಗುವ ಮೊದಲು, ಮನೋಳಿಯ ಆ ಹಿರಿಯರು ಕೇಳಿದ ಪ್ರಶ್ನೆಯನ್ನು ನಾವೆಲ್ಲರೂ ಒಮ್ಮೆ ಗಟ್ಟಿಯಾಗಿ ಕೇಳೋಣ.